ನೋಟ ನಿಲ್ಲುವ ಜಾಗ

ಬನಶ್ರೀಗೆ ತನ್ನ ಮಗಳು ಮೊದಲ ಸಲ ಕಾಣದೆ ಹೋದದ್ದು ಒಂದು ಮಂಗಳವಾರ ಬೆಳಿಗ್ಗೆ, ಮಗಳು ಎದುರಿಗೇ ಕೂತು ಉಪ್ಪಿಟ್ಟು ತಿನ್ನುತ್ತಿದ್ದಾಗ.

ಚಹಾದ ಲೋಟ ಹಿಡಿದು ಅಡುಗೆಮನೆಯಿಂದ ಬಂದವಳಿಗೆ ಪಡಸಾಲೆಯಲ್ಲಿ ಕಂಡದ್ದು ಒಂದು ತಟ್ಟೆ, ಒಂದು ಚಮಚ, ಗೋಡೆಗೆ ಆನಿಸಿಟ್ಟ ಶಾಲೆಯ ಚೀಲ. "ಅತ್ತೀ, ಇಂಚು ಎಲ್ಲಿ ಹೋದ್ಲು? ಬಸ್ ಬರೂ ಹೊತ್ತಾತು" ಎಂದು ಹಿತ್ತಲಿನ ಕಡೆಗೆ ಕೂಗಿದಳು. ಅತ್ತೆ ಶಿವಗಂಗವ್ವ ಉತ್ತರ ಕೊಡುವ ಮೊದಲೇ ತಟ್ಟೆಯ ಹಿಂದಿನಿಂದ ದನಿ ಬಂತು.

"ಅವ್ವಾ, ಇಲ್ಲೇ ಅದೀನಲ್ಲ."

ಬನಶ್ರೀ ದನಿ ಬಂದ ಕಡೆ ಕಣ್ಣು ಕಿರಿದು ಮಾಡಿ ನೋಡಿದಳು. ಮೊದಲು ಅಂಗಿಯ ಕಾಲರು ಕಂಡಿತು. ಆಮೇಲೆ ಎರಡು ಜಡೆ, ಜಡೆಗೆ ಕಟ್ಟಿದ ಕೆಂಪು ರಿಬ್ಬನ್ನು. ಮುಖ ಕಟ್ಟಕಡೆಗೆ ಕಂಡಿತು, ಅದೂ ಒಂದು ಕ್ಷಣ, ಮಂಜು ಹಿಡಿದ ಗಾಜಿನ ಆಚೆ ಇದ್ದಂತೆ. "ನಿದ್ದಿ ಸಾಲ್ತಿಲ್ಲ ನನಗ" ಎಂದು ತನಗೆ ತಾನೇ ಹೇಳಿಕೊಂಡು ನಕ್ಕಳು. ಆದರೆ ಆ ದಿನವೆಲ್ಲಾ ಕೈಯಲ್ಲಿದ್ದ ಕೆಲಸ ಕೈಯಲ್ಲೇ ಉಳಿಯಿತು.

ಇದು ಹೀಗೇಕೆ ಆಯಿತು ಎಂದು ಹೇಳಬೇಕಾದರೆ ಗುಳೇದಗುಡ್ಡದ ಖಣದಿಂದಲೇ ಶುರು ಮಾಡಬೇಕು. ಖಣ ಎಂದರೆ ಕುಪ್ಪಸದ ಬಟ್ಟೆ. ಬನಶ್ರೀಯ ಗಂಡ ಮಹಾಂತೇಶನ ಮನೆಯಲ್ಲಿ ತಲೆಮಾರುಗಳಿಂದ ಅದೇ ಕಸುಬು. ಅವಳು ಮದುವೆಯಾಗಿ ಬಂದಾಗ ಹನ್ನೆರಡು ಕುಣಿಮಗ್ಗಗಳಲ್ಲಿ ಐದು ನಿಂತುಹೋಗಿ, ನೇಕಾರ ಕಾಲು ಇಳಿಬಿಟ್ಟು ಕೂರುವ ಅವುಗಳ ಕುಣಿಯಲ್ಲಿ ಬೆಕ್ಕು ಮರಿ ಹಾಕಿತ್ತು. ಬನಶ್ರೀ ಓದಿದವಳು, ಬರೆಯುವ ಹುಚ್ಚಿನವಳು. "ಖಣದ ಮನಿ" ಎಂಬ ಬ್ಲಾಗು ಶುರು ಮಾಡಿದಳು. ಬಣ್ಣ ಹಾಕುವ ಬಗೆ, ಲಾಳಿಯ ಸಪ್ಪಳದಲ್ಲೇ ನೇಕಾರನ ಮನಸ್ಸು ತಿಳಿಯುವ ಬಗೆ, ಅಜ್ಜಿಯ ಟ್ರಂಕಿನ ವಾಸನೆ ಎಲ್ಲವನ್ನೂ ಉದ್ದುದ್ದ ಬರೆದಳು. ಓದಿದವರು ಕಣ್ಣೀರು ಹಾಕಿಕೊಂಡು ಪತ್ರ ಬರೆದರು. ಒಬ್ಬರೂ ಒಂದು ಖಣ ಕೊಳ್ಳಲಿಲ್ಲ.

ಆಮೇಲೆ ಬಾಗಲಕೋಟೆಯವನೊಬ್ಬನಿಂದ ವೆಬ್‌ಸೈಟು ಮಾಡಿಸಿದಳು. ಕೊಳ್ಳುವ ಬಟನ್ನು ಕೆಂಪಗಿರಬೇಕು, ಬಲಗಡೆ ಇರಬೇಕು, ಶೀರ್ಷಿಕೆ ಏಳು ಪದ ಮೀರಬಾರದು ಎಂದು ಅವನು ದೊಡ್ಡ ಶಾಸ್ತ್ರವನ್ನೇ ಹೇಳಿದ್ದ. ಅದು ಹಳತಾಗುವಷ್ಟರಲ್ಲಿ ಸೋಶಿಯಲ್ ಮೀಡಿಯಾ ಬಂತು. ಬ್ಲಾಗಿನ ಮೂರು ಪುಟ ಮೂವತ್ತು ಸೆಕೆಂಡಿನ ವಿಡಿಯೊ ಆಯಿತು. ಬನಶ್ರೀ ಖಣದ ಸೀರೆ ಉಟ್ಟು ಒಮ್ಮೆ ಕುಣಿದೂ ಬಿಟ್ಟಳು. ಮಹಾಂತೇಶ ಎರಡು ದಿನ ಮಾತು ಬಿಟ್ಟ, ಮೂರನೆಯ ದಿನ ಆರ್ಡರ್ ಬಂದಾಗ ಮಾತಾಡಿದ.

ಇದೆಲ್ಲ ಆದಮೇಲೆ ಬಂದದ್ದು ಬಿಡಾರ.

ಬಿಡಾರ ಹುಬ್ಬಳ್ಳಿಯ ಒಂದು ಕಂಪನಿ ಕಟ್ಟಿದ ಯಂತ್ರ. ಯಂತ್ರ ಎಂದರೆ ಚಕ್ರ, ಪಟ್ಟಿ ಇರುವಂಥದ್ದಲ್ಲ, ಒಂದು ಲೆಕ್ಕಾಚಾರ ಅಷ್ಟೆ. ಫೋನಿನ ಮುಂಬದಿಯ ಕ್ಯಾಮೆರಾ ನೋಡುವವನ ಕಣ್ಣಿನ ಪಾಪೆಯನ್ನು ಸೆಕೆಂಡಿಗೆ ನೂರಾರು ಸಲ ಅಳೆಯುತ್ತಿತ್ತು. ಕಣ್ಣು ಎಲ್ಲಿ ನಿಂತಿತು, ಎಲ್ಲಿ ಜಾರಿತು, ಎಲ್ಲಿ ಅಗಲವಾಯಿತು ಎಂದು ತಿಳಿದುಕೊಂಡು ಆ ಗಳಿಗೆಯಲ್ಲೇ ಪುಟವನ್ನು ಬದಲಿಸುತ್ತಿತ್ತು. ಆಮೇಲೆ ವೆಬ್ ಡಿಸೈನ್ ಎಂಬ ಕಸುಬೇ ಇಲ್ಲವಾಯಿತು. ಪುಟಕ್ಕೆ ಒಂದು ರೂಪವೇ ಇಲ್ಲದ ಮೇಲೆ ಅದನ್ನು ಯಾರು ಬರೆಯುವುದು? ನೂರು ಜನ ತೆರೆದರೆ ನೂರು ಪುಟ, ಅದೇ ಮನುಷ್ಯ ಸಂಜೆ ತೆರೆದರೆ ಇನ್ನೊಂದು ಪುಟ. ನೋಟ ಎಲ್ಲಿ ಬಿಡಾರ ಹೂಡುತ್ತದೋ ಅಲ್ಲಿ ಸರಕು ಇಡುವುದು ಅದರ ಕೆಲಸ.

ಆಗ ಮಗಳು ಇಂಚರಾಗೆ ಒಂದೂವರೆ ವರ್ಷ. ಕೂಸಿಗೆ ಖಣದ ಲಂಗ, ಪೋಲಕ ಹೊಲಿಸಿ ಬನಶ್ರೀ ಕಟ್ಟೆಯ ಮೇಲೆ ಕೂಡಿಸಿ ಫೋಟೋ ತೆಗೆದಳು. ಎಡಗೆನ್ನೆಯ ಮೇಲೆ ಶಿವಗಂಗವ್ವ ಹಚ್ಚಿದ ಕಾಡಿಗೆಯ ಬೊಟ್ಟು ಇತ್ತು, ಕಡಲೆಕಾಳಿನಷ್ಟು ದಪ್ಪ. ಬಿಡಾರಕ್ಕೆ ಫೋಟೋ ಹಾಕುವಾಗ ಅದು ಕೇಳಿತು: ಮುಖದ ಮೇಲೆ ಕಲೆ ಇದೆ, ಅಳಿಸಲೇ? ಬನಶ್ರೀ ಹೂಂ ಎಂದಳು. ಬೊಟ್ಟು ಹೋಯಿತು.

ಶಿವಗಂಗವ್ವನಿಗೆ ಫೋನು ಎಂದರೆ ಅಲರ್ಜಿ. ಕಣ್ಣಿಗೆ ಪೊರೆ ಬೇರೆ. ಆದರೂ ಪಡಸಾಲೆಯಿಂದಲೇ ಕೇಳಿದಳು. "ಬೊಟ್ಟು ಕಾಣ್ತೈತಿಲ್ಲ ಫೋಟೋದಾಗ?"

"ಅದನ್ನ ತೆಗದೀನಿ ಅತ್ತಿ. ಫೋಟೋ ಛಂದ ಬರಬೇಕಲ್ಲ?"

"ಊರು ಕೇರಿ ಮಂದಿ ಎಲ್ಲಾ ನೋಡ್ತಾರಂತಿ, ಕೂಸಿಗೆ ನೆದರ ಆಗಂಗಿಲ್ಲೇನ? ಮೊದ್ಲ ಇದ್ದಂಗ ಮಾಡು. ಇಲ್ಲಂದ್ರ ನಾ ಇವತ್ತ ಉಣ್ಣಂಗಿಲ್ಲ."

ಅತ್ತೆ ಉಣ್ಣದೆ ಕೂತರೆ ಮನೆಯಲ್ಲಿ ಯಾರಿಗೂ ಗಂಟಲಲ್ಲಿ ಅನ್ನ ಇಳಿಯುವುದಿಲ್ಲ. ಬನಶ್ರೀ ಗೊಣಗುತ್ತಾ ಬೊಟ್ಟನ್ನು ಮೊದಲಿನಂತೆ ಮಾಡಿ ಫೋಟೋ ಕಳಿಸಿದಳು. ವಾರದೊಳಗೆ ನಿಂತ ಐದು ಮಗ್ಗಗಳೂ ನಡೆಯತೊಡಗಿದವು, ಬೆಕ್ಕು ಆ ಸಲದ ಮರಿಗಳನ್ನು ಕಚ್ಚಿಕೊಂಡು ಪಕ್ಕದ ಮನೆಗೆ ಹೋಯಿತು. ವರ್ಷ ತುಂಬುವಷ್ಟರಲ್ಲಿ ಮಗ್ಗ ಇಪ್ಪತ್ನಾಲ್ಕಾದವು.

ಹುಬ್ಬಳ್ಳಿಯಿಂದ ಕರೆ ಬಂತು. ಆರನೆಯ ಮಹಡಿಯ ತಣ್ಣನೆಯ ಕೋಣೆಯಲ್ಲಿ ಡಾಕ್ಟರ್ ಗುರುನಾಥ ಕಟ್ಟಿ ಎಂಬ ವಿಜ್ಞಾನಿ ಅವಳನ್ನು ಕೂರಿಸಿ ಗೋಡೆಯಷ್ಟು ದೊಡ್ಡ ಪರದೆ ತೋರಿಸಿದರು. ಬಿಡಾರವನ್ನು ಕಟ್ಟಿದವರು ಅವರೇ. ಪರದೆಯ ಮೇಲೆ ನೂರಾರು ಮುಖಗಳಿದ್ದವು, ಒಂದಕ್ಕಿಂತ ಒಂದು ಚೆಂದ. ಅವುಗಳ ಮೇಲೆ ಸಣ್ಣ ಬೆಳಕಿನ ಚುಕ್ಕೆಗಳು ಹರಿದಾಡುತ್ತಿದ್ದವು.

"ಇವೆಲ್ಲ ನೋಡೋರ ಕಣ್ಣು" ಎಂದರು ಕಟ್ಟಿ. "ನೋಡ್ರಿ, ಎಲ್ಲಾ ಮುಖದ ಮ್ಯಾಲೂ ಜಾರ್ತಾವ. ಕೊರತೆ ಇಲ್ಲದ ಮುಖದ ಮ್ಯಾಲೆ ಕಣ್ಣಿಗೆ ಕೆಲಸ ಇಲ್ಲ. ಈಗ ನಿಮ್ಮ ಮಗಳ್ನ ನೋಡ್ರಿ."

ಇಂಚರಾಳ ಎಡಗೆನ್ನೆ ದೀಪದ ಹಾಗೆ ಉರಿಯುತ್ತಿತ್ತು. ಬೆಳಕೆಲ್ಲ ಬೊಟ್ಟಿಗೆ ಬಂದು ನಿಂತು, ಅಲ್ಲಿಂದ ಕೊರಳಿಗೆ, ಕೊರಳಿನಿಂದ ಖಣದ ಅಂಚಿಗೆ, ಅಂಚಿನಿಂದ ಕೊಳ್ಳುವ ಬಟನ್ನಿಗೆ ಇಳಿಯುತ್ತಿತ್ತು.

"ಒಂದು ಸೆಕೆಂಡಿನ ಎಂಟನೇ ಒಂದು ಭಾಗ ನಿಂತರ ಸಾಕು ನಮಗ. ಇಲ್ಲಿ ಪೂರಾ ಎರಡು ಸೆಕೆಂಡ್ ನಿಲ್ತದ! ಈ ಮುಖಾನ ನಾವು ಗೂಟದಂಗ ಬಳಸ್ತೇವಿ. ಎಲ್ಲಾ ಪುಟದಾಗೂ ಒಂದು ಮೂಲಿಗೆ ಇಡ್ತೇವಿ. ನೋಟಾನ ಇದಕ್ಕ ಕಟ್ಟಿ ಹಾಕಿ ಬೇರೆ ಸರಕು ತೋರಸ್ತೇವಿ. ನಿಮ್ಮ ಒಪ್ಪಿಗಿ ಬೇಕು."

ಬನಶ್ರೀಯ ಕಾಲು ನೆಲದ ಮೇಲೆ ಇರಲಿಲ್ಲ. ತನ್ನ ಕೂಸಿನ ಮುಖದಲ್ಲಿ ವಿಜ್ಞಾನಿಗಳು ಬೆರಗಾಗುವಂಥದ್ದು ಇದೆ ಎಂದರೆ ಯಾವ ತಾಯಿ ಹಿಗ್ಗುವುದಿಲ್ಲ! ಸಹಿ ಹಾಕಿದಳು. ಬಸ್ಸಿನಲ್ಲಿ ಬರುತ್ತ ಪಕ್ಕದಲ್ಲಿ ಕೂತ ಅಪರಿಚಿತ ಹೆಂಗಸಿಗೂ ಪೇಢೆ ಕೊಟ್ಟಳು. ಆ ಹೆಂಗಸಿನ ಫೋನಿನಲ್ಲಿ ಆಗಲೇ ಇಂಚರಾ ನಗುತ್ತಿದ್ದಳು, ಪಂಪ್‌ಸೆಟ್ಟಿನ ಜಾಹೀರಾತಿನ ಪಕ್ಕದಲ್ಲಿ.

ಮುಂದೆ ನಡೆದದ್ದು ಎಲ್ಲರ ಕಣ್ಣೆದುರೇ ನಡೆಯಿತು, ಹಾಗಾಗಿ ಯಾರಿಗೂ ಗೊತ್ತಾಗಲಿಲ್ಲ. ಮೊದಮೊದಲು ಕೂಸಿನ ಮುಖ ಇರುತ್ತಿತ್ತು. ಬರಬರುತ್ತ ಬಿಡಾರ ಬರೀ ಬೊಟ್ಟನ್ನೇ ಬೇರೆ ಕಡೆ ಇಡಲು ಕಲಿಯಿತು. ಕುಕ್ಕರಿನ ಮೈ ಮೇಲೆ ಬೊಟ್ಟು, ಸ್ಕೂಟರಿನ ಹೆಡ್‌ಲೈಟಿನ ಕೆಳಗೆ ಬೊಟ್ಟು, ಮಾವಿನಹಣ್ಣಿಗೆ ಬೊಟ್ಟು. ಬ್ಲಾಗು ಬರೆಯುವವರು ಮೊದಲ ಸಾಲಿನಲ್ಲಿ ಒಂದು ಕಪ್ಪು ಚುಕ್ಕೆ ಇಡದಿದ್ದರೆ ಎರಡನೆಯ ಸಾಲು ಯಾರೂ ಓದುತ್ತಿರಲಿಲ್ಲ. ಎರಡು ಮೂರು ವರ್ಷದಲ್ಲಿ ಜನರ ಕಣ್ಣು ಇದಕ್ಕೆ ಪಳಗಿತು. ಬೊಟ್ಟಿದ್ದ ಕಡೆ ನಿಲ್ಲುತ್ತಿತ್ತು, ಇಲ್ಲದ ಕಡೆ ಜಾರುತ್ತಿತ್ತು, ಫೋನು ಕೆಳಗಿಟ್ಟ ಮೇಲೂ.

ಬೊಟ್ಟಿಲ್ಲದ ಲೈಟುಕಂಬಕ್ಕೆ ಹಾಡುಹಗಲೇ ಸೈಕಲ್ಲು ಗುದ್ದತೊಡಗಿದವು. ಆಟೋದವರು ಹಿಂದೆ ಮುಂದೆ ಕಪ್ಪು ಚುಕ್ಕೆ ಬಳಿಸಿಕೊಂಡರು. ಸಂತೆಯಲ್ಲಿ ಬದನೆಕಾಯಿ ಮಾರುವ ದ್ಯಾಮವ್ವ ರಾಶಿಯ ತುದಿಯ ಕಾಯಿಗೆ ಸುಣ್ಣದ ಬೊಟ್ಟು ಇಟ್ಟು ನೋಡಿ, ಅದು ನಡೆಯದೆ ಪಕ್ಕದ ಕುಂಬಳಕಾಯಿಗೆ ಮಸಿ ಹಚ್ಚಿ ಗಿರಾಕಿ ಹಿಡಿದಳು. ಪುರಸಭೆಯವರು ರಸ್ತೆಯ ಉಬ್ಬುಗಳಿಗೆ ಬೊಟ್ಟು ಇಡಿಸಿದರು. ಜನ ಒಗ್ಗಿಕೊಂಡರು. ಗುಳೇದಗುಡ್ಡದ ಬೇಸಿಗೆಗೇ ಒಗ್ಗಿದವರಿಗೆ ಇದೇನು ಮಹಾ.

ಇಂಚರಾ ಮಾತ್ರ ಬೆಳೆಯುತ್ತಿದ್ದಳು. ನಾಲ್ಕು ವರ್ಷವಾದ ಮೇಲೆ ಬೊಟ್ಟು ಹಚ್ಚಿಸಿಕೊಳ್ಳಲು ಅವಳೇ ಒಲ್ಲೆ ಎಂದಿದ್ದಳು. ಒಂದನೆಯ ತರಗತಿಗೆ ಸೇರಿದ ಮೇಲೆ ಶಾಲೆಯಿಂದ ಫೋನಿಗೆ ಸಂದೇಶ ಬರತೊಡಗಿತು: ನಿಮ್ಮ ಮಗು ಇಂದು ಗೈರುಹಾಜರು. ಬನಶ್ರೀ ಹೋಗಿ ಜಗಳವಾಡಿದಳು. ಟೀಚರು ಸಭ್ಯಳು, ಕ್ಷಮೆ ಕೇಳಿದಳು, ಮರುದಿನ ಮತ್ತೆ ಗೈರುಹಾಜರಿ ಹಾಕಿದಳು. ಶಾಲೆಯ ಬಸ್ಸು ಎರಡು ಸಲ ಹುಡುಗಿಯನ್ನು ನಿಲ್ದಾಣದಲ್ಲೇ ಬಿಟ್ಟು ಹೋಯಿತು. ಡ್ರೈವರು ಕಲ್ಲಪ್ಪ ದೇವರ ಆಣೆ ಮಾಡಿದ. "ಅಕ್ಕಾರ, ಅಲ್ಲೆ ಯಾರೂ ಇದ್ದಿದ್ದಿಲ್ರಿ. ನಾ ಗಾಡಿ ನಿಲ್ಲಿಸಿ ಹಾರ್ನ್ ಹೊಡದು ನೋಡೀನಿ."

ಒಂದು ಮಧ್ಯಾಹ್ನ ಇಂಚರಾ ಓಣಿಯ ಆಟ ಬಿಟ್ಟು ಮನೆಗೆ ಬಂದಳು. ಮುಖ ಸಪ್ಪಗಿತ್ತು ಎಂದು ಶಿವಗಂಗವ್ವ ಆಮೇಲೆ ಹೇಳಿದಳು. ಬನಶ್ರೀ ಫೋನಿನಿಂದ ತಲೆ ಎತ್ತಿರಲಿಲ್ಲ, ಅವಳಿಗೆ ಕೇಳಿಸಿದ್ದು ದನಿ ಮಾತ್ರ.

"ಕಣ್ಣಾಮುಚ್ಚಾಲಿ ಆಡಾಕತ್ತಿದ್ವಿ. ನಾ ಅಡಗಲಿಲ್ಲ. ನಡು ಓಣ್ಯಾಗ ನಿಂತಿದ್ದೆ. ಆದ್ರೂ ಯಾರೂ ಹಿಡೀಲಿಲ್ಲ."

ಆ ಮಂಗಳವಾರದ ಉಪ್ಪಿಟ್ಟಿನ ತಟ್ಟೆ ಇದಾದ ಮರುವಾರದ್ದು. ಮೂರೇ ದಿನಕ್ಕೆ ಬನಶ್ರೀ ಮಗಳ ಕೈ ಹಿಡಿದು ಹುಬ್ಬಳ್ಳಿಯ ಬಸ್ಸು ಹತ್ತಿದಳು. ಕಂಡಕ್ಟರು ಒಂದೇ ಟಿಕೆಟು ಕೊಟ್ಟ. ಇಂಚರಾ ಕೂತ ಸೀಟಿನ ಮೇಲೆ ಮೂವರು ಕೂರಲು ಬಂದರು.

ಆರನೆಯ ಮಹಡಿಯಲ್ಲಿ ಕಟ್ಟಿಯವರು ಎದ್ದು ನಿಂತು ಬರಮಾಡಿಕೊಂಡರು. "ಬರ್ರಿ, ಕೂಡ್ರಿ. ಮಗಳನ್ನೂ ಕರಕೊಂಡು ಬರ್ತೇನಿ ಅಂದಿದ್ರಿ?"

ಬನಶ್ರೀ ಹಿಡಿದ ಕೈಯನ್ನು ಮೇಲೆತ್ತಿದಳು. ಹುಡುಗಿ ಕೆಮ್ಮಿದಳು. ಕಟ್ಟಿಯವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಮೇಜಿನ ಮೇಲಿನ ಸಣ್ಣ ಕ್ಯಾಮೆರಾವನ್ನು ತಮ್ಮ ಕಣ್ಣಿಗೇ ತಿರುಗಿಸಿಕೊಂಡು, ಹುಡುಗಿಯನ್ನು ಗೋಡೆಯ ಮುಂದೆ ನಿಲ್ಲಿಸಿ, ಒಂದು ನಿಮಿಷ ಆ ಗೋಡೆಯನ್ನೇ ನೋಡಿದರು. ಪರದೆಯ ಮೇಲೆ ಅವರ ನೋಟದ ಬೆಳಕು ಹರಿದಾಡಿತು. ಗೋಡೆಯ ಗಡಿಯಾರದ ಮೇಲೆ ನಿಂತಿತು, ಸ್ವಿಚ್ಚಿನ ಮೇಲೆ ನಿಂತಿತು. ಹುಡುಗಿಯ ಮುಖದ ಮೇಲೆ ಮೂವತ್ತೊಂದು ಸಲ ಹಾದುಹೋಯಿತು, ಒಂದು ಸಲವೂ ನಿಲ್ಲಲಿಲ್ಲ.

"ನಿಮ್ಮ ಮೂಗು ನಿಮ್ಮ ಕಣ್ಣಿಗೆ ಹಗಲೆಲ್ಲಾ ಕಾಣ್ತಿರ್ತದ, ಗೊತ್ತದ ಏನ್ರಿ?" ಎಂದರು ಕೊನೆಗೆ, ದನಿ ತಗ್ಗಿಸಿ. "ಮಿದುಳು ಅದನ್ನ ಅಳಿಸಿ ಹಾಕ್ತದ. ಯಾವಾಗಲೂ ಇರೋದು, ಹೊಸ ಸುದ್ದಿ ಏನೂ ಇಲ್ಲದ್ದು, ಅದನ್ನ ಯಾಕ ನೋಡಬೇಕು ಅಂತ. ಈ ಮುಖ ಕೋಟಿಗಟ್ಟಲೆ ಮಂದಿ ದಿನಾ ನೂರು ಸಲ ನೋಡ್ಯಾರ. ಅವರ ಕಣ್ಣು ಸೀದಾ ಎಡಗೆನ್ನಿಗೆ ಹೋಗ್ತದ. ಅಲ್ಲಿ ಬೊಟ್ಟಿಲ್ಲ ಅಂದ ಕೂಡಲೆ ಇದು ಬ್ಯಾಡಾದ್ದು ಅಂತ ಮಿದುಳು ಬಿಟ್ಟುಬಿಡ್ತದ. ಬ್ಯಾರೆ ಹುಡುಗರ ಮುಖಕ್ಕ ಹಿಂಗಾಗೂದು ನಿಧಾನ. ಇಕಿ ಮುಖಕ್ಕ ಮಾತ್ರ..."

"ಬೊಟ್ಟು ಹಚ್ಚಿದ್ರ ಕಾಣ್ತಾಳೇನ್ರಿ?"

ಕಟ್ಟಿಯವರು ಮಾರ್ಕರ್ ಪೆನ್ನು ತೆಗೆದುಕೊಂಡರು. ಬನಶ್ರೀ ಮಗಳ ಗಲ್ಲ ಹಿಡಿದಳು, ಕೈಯಿಂದ ತಡವಿ ತಡವಿ ಜಾಗ ತೋರಿಸಿದಳು. ಅವರು ಬೊಟ್ಟು ಇಟ್ಟರು.

ಹುಡುಗಿ ಕಂಡಳು. ಎಷ್ಟು ಕಂಡಳೆಂದರೆ ಕೋಣೆಯಲ್ಲಿ ಬೇರೇನೂ ಕಾಣದಂತಾಯಿತು. ಗಾಜಿನ ಗೋಡೆಯ ಆಚೆ ಕೆಲಸ ಮಾಡುತ್ತಿದ್ದವರು ಒಬ್ಬೊಬ್ಬರಾಗಿ ತಲೆ ಎತ್ತಿದರು, ಎದ್ದರು, ಬಾಗಿಲ ಹತ್ತಿರ ಬಂದರು. ಚಹಾ ತಂದ ಹೆಂಗಸು ತಟ್ಟೆ ವಾಲಿಸಿಕೊಂಡು ನಿಂತಳು, ಚಹಾ ನೆಲಕ್ಕೆ ಸುರಿಯುತ್ತಲೇ ಇತ್ತು. ಮೂವತ್ತು ಜನ, ಯಾರೂ ರೆಪ್ಪೆ ಮಿಟುಕಿಸಲಿಲ್ಲ. ಬನಶ್ರೀಯೂ ಅವರಲ್ಲಿ ಒಬ್ಬಳಾಗಿ ನೋಡುತ್ತಿದ್ದಳು. ಕಣ್ಣು ಕೀಳಲಾಗಲಿಲ್ಲ. ಆದರೆ ಅವಳಿಗೆ ಕಾಣುತ್ತಿದ್ದದ್ದು ಆರು ವರ್ಷದ ಮಗಳಲ್ಲ, ಕಟ್ಟೆಯ ಮೇಲೆ ಕೂತ ಒಂದೂವರೆ ವರ್ಷದ ಕೂಸು. ಅದು ಹಾಗೆಯೇ ನಗುತ್ತಿತ್ತು, ಅಳುವಿನ ದನಿ ಮಾತ್ರ ಬೇರೆ ಎಲ್ಲಿಂದಲೋ ಬರುತ್ತಿತ್ತು.

"ಹಂಗ್ ನೋಡಬ್ಯಾಡ್ರಿ! ಅವ್ವಾ, ನೋಡಬ್ಯಾಡಂತ ಹೇಳು ಅವರಿಗೆ!"

ಇಂಚರಾ ಉಗುಳು ಹಚ್ಚಿ ಅಂಗೈಯಿಂದ ಕೆನ್ನೆ ತಿಕ್ಕಿಕೊಂಡಳು. ಬೊಟ್ಟು ಹರಡಿ ಮಾಯವಾಯಿತು. ಮೂವತ್ತು ಜನ ನಿದ್ದೆಯಿಂದ ಎದ್ದವರಂತೆ ಅತ್ತಿತ್ತ ನೋಡಿ, ತಾವು ಅಲ್ಲಿಗೆ ಯಾಕೆ ಬಂದೆವೆಂದು ತಿಳಿಯದೆ ತಮ್ಮ ಜಾಗಕ್ಕೆ ಹೋದರು. ಚಹಾದ ಹೆಂಗಸು ಮಾತ್ರ ನೆಲ ಒರೆಸಲು ಬಟ್ಟೆ ಹುಡುಕಿದಳು.

"ಆ ಫೋಟೋ ತೆಗದ ಹಾಕ್ರಿ" ಎಂದಳು ಬನಶ್ರೀ.

"ಅದು ಈಗ ನಮ್ಮ ಕೈಯಾಗಿಲ್ಲ ತಾಯಿ. ಪ್ರತಿ ಪುಟ ತನ್ನಷ್ಟಕ್ಕ ತಾನ ಆ ಮುಖ ಬರಕೋತದ. ಒಂದು ಕಡೆ ಅಳಿಸಿದ್ರ ಸಾವಿರ ಕಡೆ ಹುಟ್ತದ." ಕಟ್ಟಿಯವರು ತಲೆ ತಗ್ಗಿಸಿದರು. "ಮಂದಿ ಮಾತು ಬಿಡ್ರಿ. ನೀವು ಆ ಫೋಟೋ ಎಷ್ಟು ಸಲ ನೋಡಿರಬಹುದು?"

"ನಾನಾ? ಎಣಿಸಿಲ್ರಿ."

"ಎಲ್ಲಾರಕಿಂತ ಹೆಚ್ಚು ನೋಡಿದವರು ನೀವ. ಹಿಂಗಾಗಿ ಎಲ್ಲಾರಕಿಂತ ಹೆಚ್ಚು ಕಳಕೊಳ್ಳೋರೂ ನೀವ. ಇನ್ನೂ ಪೂರಾ ಹೋಗಿಲ್ಲ. ನಲವತ್ತು ದಿನ ಆ ಮುಖ ನೋಡಬ್ಯಾಡ್ರಿ, ಫೋನ್ ಮುಟ್ಟಬ್ಯಾಡ್ರಿ. ಕಣ್ಣು ಮತ್ತ ಕಲೀಬಹುದು. ನಡುವ ಒಂದು ಸಲ ನೋಡಿದ್ರೂ ನಾ ಏನೂ ಹೇಳಲಿಕ್ಕೆ ಆಗೂದಿಲ್ಲ."

ಬಸ್ಸಿನಲ್ಲಿ ಇಂಚರಾ ತಾಯಿಯ ತೊಡೆಯ ಮೇಲೆ ಮಲಗಿದಳು. ಭಾರ ಇತ್ತು, ಬಿಸಿ ಇತ್ತು. "ಅವ್ವಾ, ಮಂದಿ ನೋಡದಿದ್ರ ನಡೀತೈತಿ. ನೀ ಒಬ್ಬಾಕಿ ನೋಡಿದ್ರ ಸಾಕು" ಎಂದಳು. ಬನಶ್ರೀ ಕಿಟಕಿಯ ಕಡೆ ತಿರುಗಿ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು.

ಫೋನು ಟ್ರಂಕಿಗೆ ಹೋಯಿತು. ಆರ್ಡರುಗಳನ್ನೆಲ್ಲ ಮಹಾಂತೇಶ ತನ್ನ ಫೋನಿನಲ್ಲಿ ನೋಡಿಕೊಳ್ಳುವುದೆಂದಾಯಿತು. ಅವನಿಗೆ ಮಗಳು ಕಾಣದೆ ಎಷ್ಟೋ ತಿಂಗಳಾಗಿತ್ತು. ಆದರೆ ಮೊದಲೂ ಅವನು ಮಗ್ಗದ ಮನೆಯಿಂದ ಬರುವಾಗ ಹುಡುಗಿ ಮಲಗಿರುತ್ತಿದ್ದುದರಿಂದ ಅದು ಅವನ ಗಮನಕ್ಕೇ ಬಂದಿರಲಿಲ್ಲ. ಮನೆಯಲ್ಲಿ ಇಂಚರಾಳನ್ನು ಪೂರ್ತಿ ಕಾಣುತ್ತಿದ್ದವಳು ಶಿವಗಂಗವ್ವ ಒಬ್ಬಳೇ. ಎರೆಯುವುದು, ಬಾಚುವುದು, ಉಣಿಸುವುದು ಮೊದಲಿನಿಂದಲೂ ಅವಳ ಪಾಲಿಗೇ ಇತ್ತು. "ಪೊರಿ ಬಂದ ಕಣ್ಣಿಗೆ ಕಾಣ್ತಾಳ, ನಿಮಗ ಕಾಣಂಗಿಲ್ಲಂದ್ರ ಏನ ಹೇಳಲಿ ನಾ" ಎಂದು ಗದರುತ್ತಿದ್ದಳು. ತಾನು ಹಚ್ಚಿದ ಬೊಟ್ಟಿನಿಂದಲೇ ಹೀಗಾಯಿತೆಂದು ಅವಳಿಗೆ ಯಾರೂ ಹೇಳಲಿಲ್ಲ. ಬನಶ್ರೀ ಹೇಳಗೊಡಲಿಲ್ಲ.

ದಿನ ಕಳೆದಂತೆ ಕಣ್ಣು ಸ್ವಲ್ಪ ಸ್ವಲ್ಪವೇ ಹಾದಿಗೆ ಬಂತು. ಒಂಬತ್ತನೆಯ ದಿನ ಬನಶ್ರೀಗೆ ಮಗಳ ಬೈತಲೆ ಕಂಡಿತು. ಹನ್ನೆರಡನೆಯ ದಿನ ಒಂದು ಕಿವಿ, ಓಲೆ ಸಮೇತ. ಹತ್ತೊಂಬತ್ತನೆಯ ದಿನ ಹುಬ್ಬು, ಹುಬ್ಬಿನ ಕೆಳಗೆ ತನ್ನನ್ನೇ ನೋಡುತ್ತಿದ್ದ ಎರಡು ಕಣ್ಣು. "ಕಂಡ್ಲು ಅತ್ತೀ! ಕಣ್ಣು ಕಂಡುವು!" ಎಂದು ಅವಳು ಕಿರುಚಿದ್ದು ಮಗ್ಗದ ಮನೆಗೂ ಕೇಳಿಸಿ ಲಾಳಿಗಳು ನಿಂತವು. ಅಷ್ಟರಲ್ಲಿ ಕಣ್ಣು ಮತ್ತೆ ಮಾಯವಾದವು.

ಒಂದಿಷ್ಟು ಸಿಕ್ಕ ಮೇಲೆ ಪೂರ್ತಿ ಬೇಕೆನ್ನಿಸುವುದು ಹೆಚ್ಚು. ಇಪ್ಪತ್ಮೂರನೆಯ ದಿನ ರವಿವಾರ. ಅತ್ತೆ ಬೀಗರ ಮನೆಗೆ ಹೋಗಿದ್ದಳು. ಬನಶ್ರೀ ಮಗಳನ್ನು ಎರಡು ಸಲ ಕರೆದಳು, ಉತ್ತರ ಬರಲಿಲ್ಲ. ಓಣಿಗೆ ಹೋಗಿರಬೇಕು ಎಂದುಕೊಂಡಳು. ಪಡಸಾಲೆಯಲ್ಲಿ ಒಬ್ಬಳೇ ಕೂತು ಮಗಳ ಮೂಗು ಹೇಗಿತ್ತು ಎಂದು ನೆನಪು ಮಾಡಿಕೊಂಡಳು. ನೆನಪಾಗಲಿಲ್ಲ. ಬಾಯಿ? ಅದೂ ಇಲ್ಲ. ಹೆತ್ತ ಕೂಸಿನ ಮುಖ ಮರೆತ ತಾಯಿಯ ಸಂಕಟವನ್ನು ಯಾವ ಲೆಕ್ಕಾಚಾರ ಅಳೆದೀತು? ಎದ್ದು ಟ್ರಂಕು ತೆಗೆದಳು. ಒಂದೇ ಸಲ, ಬರೀ ಮೂಗು ನೋಡಿ ಇಟ್ಟುಬಿಡುತ್ತೇನೆ ಎಂದುಕೊಂಡಳು.

ಫೋನು ಅವಳ ಕಣ್ಣನ್ನು ಗುರುತು ಹಿಡಿಯಿತು. ಪುಟ ತುಂಬಾ ಇಂಚರಾ. ಮೂಗು ಇತ್ತು, ಬಾಯಿ ಇತ್ತು, ಗಲ್ಲದ ಗುಳಿ ಇತ್ತು, ಮತ್ತೆ ಬೊಟ್ಟು. ಬನಶ್ರೀಯ ಬೆರಳು ಸರಿಸಿದಷ್ಟೂ ಹೊಸ ಹೊಸ ನಗು ಬಂತು, ಕೂಸು ಎಂದೂ ನಗದಿದ್ದ ನಗುಗಳೂ ಬಂದವು. ಅವಳು ಕುಡಿಯುವಂತೆ ನೋಡಿದಳು. ಬಿಸಿಲು ಬಾಗಿಲ ಹೊಸ್ತಿಲಿನಿಂದ ಗೋಡೆಯವರೆಗೆ ಹೋಯಿತು.

"ಅವ್ವಾ."

ದನಿ ತೀರಾ ಹತ್ತಿರದಿಂದ ಬಂತು, ಮೊಣಕೈಯ ಪಕ್ಕದಿಂದ.

"ಯಾವಾಗ ಬಂದಿ ಇಂಚು?"

"ನಾ ಎಲ್ಲೂ ಹೋಗಿಲ್ಲ. ನೀ ಕರದಾಗ ಇಲ್ಲೇ ಇದ್ದೆ. ಇವತ್ತು ಪೂರಾ ಕಾಣ್ತೀನೇನೋ ಅಂತ ಸುಮ್ನ ಕುಂತಿದ್ದೆ."

ಬನಶ್ರೀ ತಿರುಗಿ ನೋಡಿದಳು. ಗೋಡೆ ಕಂಡಿತು, ಗೋಡೆಯ ಮೊಳೆ ಕಂಡಿತು. ಬೈತಲೆಯೂ ಇರಲಿಲ್ಲ, ಕಿವಿಯೂ ಇರಲಿಲ್ಲ, ಕಾಲರೂ ಇರಲಿಲ್ಲ.

ಹದಿನೈದು ದಿನದ ಮೇಲೆ ಶಾಲೆಯ ಗ್ಯಾದರಿಂಗು, ಅಂದರೆ ವಾರ್ಷಿಕೋತ್ಸವ. ಮಧ್ಯಾಹ್ನ ಮೂರಕ್ಕೆ ಮೈದಾನದಲ್ಲಿ ಶಾಮಿಯಾನ ಹಾಕಿದ್ದರು. ಒಂದನೆಯ ತರಗತಿಯವರ ಕುಣಿತಕ್ಕೆ ಹನ್ನೆರಡು ಹುಡುಗಿಯರು, ಎಲ್ಲರಿಗೂ ಬನಶ್ರೀಯ ಮನೆಯದೇ ಖಣದ ಲಂಗ. ಮಕ್ಕಳು ಪಾಲಕರಿಗೆ ಕಾಣಲಿ ಎಂದು ಎಲ್ಲರ ಕೆನ್ನೆಗೂ ಟೀಚರು ಬೊಟ್ಟು ಇಟ್ಟಿದ್ದಳು. ಒಬ್ಬಳು ಇಡಗೊಟ್ಟಿರಲಿಲ್ಲ. ಅಂಥ ಒಬ್ಬಳಿದ್ದಾಳೆ ಎಂಬುದೇ ಟೀಚರಿಗೆ ನೆನಪಿರಲಿಲ್ಲ.

ಪರದೆ ಸರಿಯಿತು. ಬನಶ್ರೀ ಎಣಿಸಿದಳು. ಹನ್ನೊಂದು. ಮತ್ತೆ ಎಣಿಸಿದಳು, ಹನ್ನೊಂದೇ. ಹುಡುಗಿಯರು ಕೈಕೈ ಹಿಡಿದು ವರ್ತುಲ ಮಾಡಿದರು. ಒಂದು ಕಡೆ ವರ್ತುಲ ಹರಿದಿತ್ತು. ಅಲ್ಲಿನ ಇಬ್ಬರು ಹುಡುಗಿಯರು ನಡುವಿನ ಬಯಲಿಗೆ ಕೈ ಚಾಚಿ, ಬೆರಳು ಮಡಚಿ ಏನನ್ನೋ ಗಟ್ಟಿಯಾಗಿ ಹಿಡಿದುಕೊಂಡಿದ್ದರು. ವರ್ತುಲ ತಿರುಗಿದಂತೆ ಆ ಖಾಲಿ ಜಾಗವೂ ತಿರುಗಿತು, ತಾಳಕ್ಕೆ ಸರಿಯಾಗಿ. ಹಲಗೆಯ ವೇದಿಕೆಯ ಮೇಲೆ ಅಲ್ಲಿಂದಲೂ ಹೆಜ್ಜೆಯ ಸಪ್ಪಳ ಬರುತ್ತಿತ್ತು. ಜನ ಚಪ್ಪಾಳೆ ತಟ್ಟಿದರು. ಪಕ್ಕದಲ್ಲಿ ಕೂತ ಮಹಾಂತೇಶ "ಎಲ್ಲಿ ಅದಾಳ?" ಎಂದು ಕೇಳಿದ. ಬನಶ್ರೀ ಅವನ ಕೈ ಹಿಡಿದು ಖಾಲಿ ಜಾಗದ ಕಡೆಗೆ ತೋರಿಸಿದಳು. ಅವನು ನೋಡಿದ, ನೋಡಿಯೇ ನೋಡಿದ, ಆಮೇಲೆ ಟೋಪಿಯಿಂದ ಮುಖ ಮುಚ್ಚಿಕೊಂಡು ಎದ್ದು ಹೊರಗೆ ಹೋದ.

ಕುಣಿತ ಮುಗಿದು ಮಕ್ಕಳು ತಂತಮ್ಮ ತಾಯಂದಿರ ಕಡೆ ಓಡಿಬಂದರು. ಹನ್ನೊಂದು ತಾಯಂದಿರು ಹನ್ನೊಂದು ಮಕ್ಕಳನ್ನು ಎತ್ತಿಕೊಂಡರು. ಬನಶ್ರೀ ಬಾಗಿ ಕೈ ಚಾಚಿ ನಿಂತಳು. ಯಾರೂ ಬರಲಿಲ್ಲ. "ಇಂಚು" ಎಂದಳು. ಧ್ವನಿವರ್ಧಕದ ಹಾಡಿನಲ್ಲಿ ಅವಳ ದನಿ ಅವಳಿಗೇ ಕೇಳಿಸಲಿಲ್ಲ. ಜನ ಅವಳನ್ನು ತಳ್ಳಿಕೊಂಡು ಸುತ್ತಿಕೊಂಡು ಹೋಗುತ್ತಿದ್ದರು. ಆ ಕಾಲುಗಳ ನಡುವೆ ಎಲ್ಲೋ ತನ್ನ ಮಗಳಿದ್ದಾಳೆ, ಯಾರು ಬೇಕಾದರೂ ತುಳಿದಾರು, ತುಳಿದವರಿಗೂ ಗೊತ್ತಾಗದು. ಬನಶ್ರೀ ಹುಚ್ಚಿಯಂತೆ ಕುರ್ಚಿಗಳನ್ನು ಸರಿಸಿದಳು, ವೇದಿಕೆಯ ಅಡಿ ಬಗ್ಗಿದಳು. ಕಣ್ಣು ಎಲ್ಲ ಕಡೆ ಹೋಯಿತು, ಎಲ್ಲೂ ನಿಲ್ಲಲಿಲ್ಲ. ಎಷ್ಟು ನೋಡಿದರೆ ಅಷ್ಟು ಖಾಲಿ.

ಆಗ ಅವಳಿಗೆ ತನ್ನ ಕಣ್ಣಿನ ಮೇಲೆಯೇ ಸಿಟ್ಟು ಬಂತು. ನಡು ಮೈದಾನದಲ್ಲಿ ಮಣ್ಣಿನ ಮೇಲೆ ಕೂತು ಎರಡೂ ಕಣ್ಣು ಗಟ್ಟಿಯಾಗಿ ಮುಚ್ಚಿಬಿಟ್ಟಳು.

ಹಾಡು, ಗದ್ದಲ, ಚಪ್ಪಲಿಯ ಸಪ್ಪಳ ಒಂದೊಂದಾಗಿ ಬೇರೆಬೇರೆಯಾದವು. ಅವುಗಳ ಅಡಿಯಲ್ಲಿ ಒಂದು ಸಣ್ಣ ಬಿಕ್ಕು ಇತ್ತು, ಎಡಕ್ಕೆ, ನಾಲ್ಕು ಹೆಜ್ಜೆ ದೂರದಲ್ಲಿ. ಮೊಣಕಾಲ ಮೇಲೆಯೇ ಹೋದಳು. ಕೈಗೆ ಖಣದ ಅಂಚು ಸಿಕ್ಕಿತು, ಬೆವೆತ ಕುತ್ತಿಗೆ ಸಿಕ್ಕಿತು. ಎಳೆದು ಎದೆಗೆ ಅವಚಿಕೊಂಡಳು. ಕೊಬ್ಬರಿ ಎಣ್ಣೆ, ಧೂಳು, ಪೌಡರಿನ ವಾಸನೆ.

"ಕರೀಬೇಕೋ ಬ್ಯಾಡೋ ನನ್ನ? ಯಾಕ ಸುಮ್ನ ನಿಂತಿದ್ದಿ?"

"ಅವ್ವಾ ಅವ್ವಾ ಅಂತ ಎಷ್ಟು ಸಲ ಒದರಿದೆ. ನೀ ನನ್ನ ದಾಟಿಕೊಂಡು ಹೋದಿ" ಎಂದು ಇಂಚರಾ ಜೋರಾಗಿ ಅತ್ತಳು.

ಮನೆಗೆ ನಡೆದುಕೊಂಡೇ ಹೊರಟರು. ಬನಶ್ರೀ ಕಣ್ಣು ತೆರೆಯಲಿಲ್ಲ. ತೆರೆದರೆ ಕೈಯೊಳಗಿನ ಕೈಯೂ ಹೋಗಿಬಿಟ್ಟೀತೆಂಬ ಭಯ. ಮಗಳು ಮುಂದೆ, ತಾಯಿ ಹಿಂದೆ. "ಇಲ್ಲಿ ತಗ್ಗೈತಿ. ಇಲ್ಲಿ ಗಟಾರೈತಿ, ದೊಡ್ಡ ಹೆಜ್ಜಿ ಹಾಕು." ಸ್ವಲ್ಪ ದೂರ ಹೋದ ಮೇಲೆ ಅಳು ನಿಂತಿತ್ತು, ಹುಡುಗಿಗೆ ಇದೊಂದು ಆಟವಾಗಿತ್ತು.

"ಇಂಚು, ನೀ ಈಗ ಹ್ಯಾಂಗದಿ ಹೇಳು ನನಗ."

"ಹ್ಯಾಂಗಂದ್ರ?"

"ಉದ್ದ ಆಗಿ ಏನು? ಮಾರಿ ಹ್ಯಾಂಗೈತಿ?"

ಇಂಚರಾ ಯೋಚಿಸಿದಳು. "ನಿನ್ನ ಸೊಂಟಕ್ಕ ಬರ್ತೀನಿ. ಮೊಣಕಾಲಿಗೆ ಗಾಯ ಆಗಿತ್ತು, ಈಗ ಮಾಯ್ದೈತಿ. ಕೂದಲ ಅಜ್ಜಿ ಕತ್ತರಿಸ್ಯಾಳ. ಮುಂದಿನ ಎರಡು ಹಲ್ಲ ಬಿದ್ದಾವು."

ಬನಶ್ರೀ ನಿಂತುಬಿಟ್ಟಳು.

"ಹಲ್ಲ ಬಿದ್ದುವಾ? ಯಾವಾಗ?"

"ಬಾಳ ದಿನ ಆತು. ನಿನ್ನ ಮುಂದ ಹೇಳಿದ್ನಲ್ಲ, ಅಂಗೈಯಾಗ ಹಿಡಕೊಂಡು ಬಂದು ತೋರಿಸಿದ್ದೆ. ನೀ ಹೂಂ ಅಂದಿ. ಫೋನ್ ನೋಡಾಕತ್ತಿದ್ದಿ."

ಓಣಿಯ ನಡುವೆ ಬನಶ್ರೀ ಕುಕ್ಕರಗಾಲಲ್ಲಿ ಕೂತಳು. ಮಗಳು ಬಾಯಿ ಅಗಲಿಸಿ ತಾಯಿಯ ತೋರುಬೆರಳನ್ನು ತಾನೇ ಒಳಗೆ ಇಟ್ಟುಕೊಂಡಳು. ಮೆತ್ತಗಿನ ಒಸಡು ಬೆರಳಿಗೆ ತಗುಲಿತು, ಅದರ ನಡುವೆ ಗರಗಸದ ಹಾಗೆ ಚೂರು ಚೂರು ಒರಟು, ಹೊಸ ಹಲ್ಲು ಆಗಲೇ ಮೇಲೆ ಬರುತ್ತಿತ್ತು.